ಸೇತುರಾಮ ಬೈಂಡ್ ಮಾಡಿಸಿದ ಕಾದಂಬರಿ

ಜಯನಗರ ನಾಲ್ಕನೇ ಬ್ಲಾಕಿನ ಆಸುಪಾಸಿನಲ್ಲಿ 'ತೆರೆದಿಟ್ಟ ಕದ' ಎಂಬ ಕಾದಂಬರಿಯ ಬಗ್ಗೆ ಯಾರಿಗೇ ಸಂದೇಹ ಬಂದರೂ ಸೇತುರಾಮನನ್ನು ಕೇಳಬೇಕಾಗಿತ್ತು. ಯಾರಿಗೂ ಸಂದೇಹ ಬರುತ್ತಿರಲಿಲ್ಲ, ಆ ಮಾತು ಬೇರೆ. ಆದ್ದರಿಂದ ಸೇತುರಾಮನೇ ಎಲ್ಲರನ್ನೂ ಹುಡುಕಿಕೊಂಡು ಹೋಗಿ ಸಂದೇಹ ಪರಿಹಾರ ಮಾಡಿ ಬರುತ್ತಿದ್ದ. ಮದುವೆ ಊಟದ ಪಂಕ್ತಿಯಲ್ಲಿ, ಹಾಲಿನ ಬೂತಿನ ಸಾಲಿನಲ್ಲಿ, ಒಮ್ಮೆ ಗೊಟ್ಟಿಗೆರೆಯ ದೂರದ ನೆಂಟರೊಬ್ಬರ ಹನ್ನೊಂದನೆಯ ದಿನದ ಕಾರ್ಯದಲ್ಲಿ ಕೂಡ ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದ. ಸರ್ಕಾರಿ ಕಛೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ಸವೆದ ಮನುಷ್ಯನಿಗೆ ನನ್ನದು ಎಂದು ಹೇಳಿಕೊಳ್ಳಲು ಇದ್ದ ವಿದ್ಯೆ ಅದೊಂದೇ. ಅದನ್ನು ಅವನಿಂದ ಕಿತ್ತುಕೊಳ್ಳಲು ಯಾರೂ ಪ್ರಯತ್ನಪಟ್ಟಿರಲಿಲ್ಲ.

ಕಥೆ ಇಷ್ಟೇ. ಮಂದಾಕಿನಿ ಎಂಬುವಳ ಗಂಡ ಒಂದು ದಿನ ಹೇಳದೆ ಕೇಳದೆ ಊರು ಬಿಡುತ್ತಾನೆ. ಅವಳು ಹನ್ನೊಂದು ವರ್ಷ ಮುಂಬಾಗಿಲು ಹಾಕದೆ ಕಾಯುತ್ತಾಳೆ. ಕೊನೆಯ ಪುಟದಲ್ಲಿ ಅವನು ರೈಲಿನಿಂದ ಇಳಿಯುತ್ತಾನೆ, ಅವಳು ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಾಳೆ, ಇಬ್ಬರೂ ಮಾತಾಡುವುದಿಲ್ಲ. ಇಲ್ಲಿಗೆ ಬಂದಾಗ ಪ್ರತಿ ಸಲವೂ ಸೇತುರಾಮನ ಗಂಟಲು ಕಟ್ಟುತ್ತಿತ್ತು. ಕೇಳುತ್ತಿದ್ದವರು ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತಿದ್ದರು.

ಗಂಟಲು ಕಟ್ಟುವುದಕ್ಕೆ ಕಾರಣ ಮನೆಯಲ್ಲೇ ಇತ್ತು. ತಂಗಿ ಜಯಾಳ ಗಂಡ ಚಕ್ರಪಾಣಿ ಅರವತ್ತನಾಲ್ಕನೇ ಇಸವಿಯಲ್ಲಿ ಬೊಂಬಾಯಿಗೆ ಕೆಲಸಕ್ಕೆಂದು ಹೋದವನು ಎರಡು ಕಾಗದ ಬರೆದ. ಮೂರನೆಯದು ಬರಲಿಲ್ಲ. ಜಯಾ ಒಂದು ಟ್ರಂಕು, ಒಂದು ಕಟ್ಟು ವಾರಪತ್ರಿಕೆಯ ಹಾಳೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಧಾರಾವಾಹಿ ಬಂದ ಹಾಗೆಲ್ಲ ಆ ಪುಟಗಳನ್ನು ಕತ್ತರಿಸಿಟ್ಟುಕೊಳ್ಳುವುದು ಆಗ ಎಲ್ಲ ಹೆಣ್ಣುಮಕ್ಕಳಿಗೂ ಇದ್ದ ಚಾಳಿ. ಹಗಲೆಲ್ಲ ಗೋಡೆ ನೋಡಿಕೊಂಡು ಕೂತಿರುತ್ತಿದ್ದ ತಂಗಿಗೆ ಏನಾದರೂ ಸಂತೋಷ ಮಾಡಬೇಕೆಂದು ಸೇತುರಾಮ ಆ ಹಾಳೆಗಳನ್ನು ಪಡಸಾಲೆಯ ತುಂಬ ಹರಡಿ, ತಾನೇ ಅಂಚು ಕತ್ತರಿಸಿ ಜೋಡಿಸಿ, ದಾರ ಹಾಕಿಸಿ, ಬೆನ್ನಿಗೆ ಕೆಂಪು ಕ್ಯಾಲಿಕೊ ಬಟ್ಟೆ ಅಂಟಿಸಿ ಬೈಂಡ್ ಮಾಡಿಸಿ ತಂದ. ವಾರ ವಾರ ಓದಿದ್ದ ಜಯಾ ಅದನ್ನು ಬಿಚ್ಚಿ ನೋಡಲಿಲ್ಲ; ಅವನು ಓದಿದ. ಓದಿದ್ದೇ ತಡ, ಚಕ್ರಪಾಣಿ ಬಂದೇ ಬರುತ್ತಾನೆ ಎಂಬ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಅರವತ್ತೆಂಟರಲ್ಲಿ ಜಯಾಳಿಗೆ ತುಮಕೂರಿನ ಒಂದು ಹೆಣ್ಣುಮಕ್ಕಳ ಶಾಲೆಯಿಂದ ಕೆಲಸದ ಆರ್ಡರು ಬಂತು. ಇರಲು ಒಂದು ಕೋಣೆಯನ್ನೂ ಕೊಡುತ್ತೇವೆಂದು ಬರೆದಿದ್ದರು. ಸೇತುರಾಮನಿಗೆ ದಿಗಿಲಾಯಿತು.

"ಅವನು ಬಂದು ನೋಡಿದಾಗ ನೀನಿಲ್ಲ ಅಂದ್ರೆ? ಮಂದಾಕಿನಿ ಹನ್ನೊಂದು ವರ್ಷ ಕಾಯ್ಲಿಲ್ವಾ?"

"ಮಂದಾಕಿನಿ ಕೊನೇಲಿ ಹೊರಟುಹೋದಳಲ್ಲ ಅಣ್ಣ, ಕೆಲಸಕ್ಕೆ" ಎಂದಳು ಜಯಾ.

ಸೇತುರಾಮ ನಕ್ಕುಬಿಟ್ಟ. ಕೆಂಪು ಬೈಂಡು ತಂದು, ಕೊನೆಯ ಪುಟ ತೆಗೆದು, ಹೆಂಡತಿ ಸರಸ್ವತಿಯನ್ನೂ ಸಾಕ್ಷಿಗೆ ಕರೆದು ಗಟ್ಟಿಯಾಗಿ ಓದಿದ. ರೈಲು, ಪ್ಲಾಟ್‌ಫಾರಂ, ಮೌನ, ಎಲ್ಲ ಅಚ್ಚಾಗಿತ್ತು. ಜಯಾ ಆ ಪುಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ವಾರ ವಾರ ಪತ್ರಿಕೆಯಲ್ಲಿ ಓದಿದ್ದವಳು ಅವಳು; ಆದರೂ ಅಚ್ಚಾದದ್ದರ ಎದುರಿಗೆ ನೆನಪು ಎಷ್ಟೆಂದು ನಿಲ್ಲುತ್ತದೆ?

"ಹಾಗಾದ್ರೆ ನನಗೇ ತಪ್ಪು ನೆನಪು" ಎಂದು ಪುಸ್ತಕ ಮುಚ್ಚಿ ಕೊಟ್ಟಳು. ಕೆಲಸ ಬೇಡವೆಂಬ ಕಾಗದವನ್ನು ಸೇತುರಾಮ ತನ್ನ ಮುದ್ದಾದ ಅಕ್ಷರಗಳಲ್ಲಿ ತಾನೇ ಬರೆದ.

ಅದಾಗಿ ಹದಿನೇಳು ವರ್ಷವಾಗಿತ್ತು. ಚಕ್ರಪಾಣಿ ಬಂದಿರಲಿಲ್ಲ. ಜಯಾ ಅಣ್ಣನ ಮನೆಯಲ್ಲಿ ಹುಳಿಪುಡಿ ಕುಟ್ಟುತ್ತ, ಪ್ರತಿ ಗೌರಿ ಹಬ್ಬಕ್ಕೂ ಅಣ್ಣ ತಂದುಕೊಟ್ಟ ಹಸಿರು ಬಳೆ ಹಾಕಿಕೊಳ್ಳುತ್ತ, ಅತ್ತ ಗೃಹಿಣಿಯೂ ಅಲ್ಲದೆ ಇತ್ತ ಒಂಟಿಯೂ ಅಲ್ಲದೆ ನಲವತ್ತೈದು ದಾಟಿದ್ದಳು.

ಎಂಬತ್ತೈದರ ಅಕ್ಟೋಬರಿನಲ್ಲಿ 'ತೆರೆದಿಟ್ಟ ಕದ' ಸಿನಿಮಾ ಆಗಿದೆ, ರಾಜ್ಯೋತ್ಸವದ ದಿನವೇ ಬಿಡುಗಡೆ ಎಂದು ಪೋಸ್ಟರು ಬಿತ್ತು. ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ ಗುಂಡಣ್ಣ, ಎದುರುಮನೆಯವನು, ಓಡಿ ಬಂದ. ಯಾವ ಸಮಾಚಾರಕ್ಕೂ ಅವನು ನಡೆದು ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಸೇತು, ಬೆಳಿಗ್ಗೆ ಬಾವುಟ, ಮಧ್ಯಾಹ್ನ ಮ್ಯಾಟಿನಿ. ಸಂಘದಿಂದ ನಲವತ್ತು ಸೀಟು ಬುಕ್ ಮಾಡಿಸ್ತಿದೀನಿ. ಬಾವುಟ ಏರಿಸಿದ ಮೇಲೆ ಕಾದಂಬರಿ ಬಗ್ಗೆ ನೀನು ಹತ್ತು ನಿಮಿಷ ಮಾತಾಡ್ಬೇಕು. ಹತ್ತೇ ನಿಮಿಷ ಕಣಯ್ಯ. ನಿನ್ನ ವಿಚಾರ ನನಗೆ ಗೊತ್ತು."

ಇಪ್ಪತ್ತು ವರ್ಷದ ತಪಸ್ಸಿಗೆ ಫಲ ಸಿಕ್ಕಿತ್ತು. ಭಾಷಣಕ್ಕೆ ಮುಂಚೆ ಇನ್ನೊಮ್ಮೆ ಓದಿಕೊಳ್ಳಬೇಕೆಂದು ಕೆಂಪು ಬೈಂಡು ತೆಗೆದರೆ ಹಾಳೆಗಳು ಮುಟ್ಟಿದಲ್ಲಿ ಮುರಿಯುತ್ತಿದ್ದವು. ಸಿನಿಮಾ ಆಗುತ್ತದೆಂದ ಮೇಲೆ ಪ್ರಕಾಶಕರಿಗೂ ಎಚ್ಚರವಾಗಿ ಕಾದಂಬರಿ ಮೊದಲ ಸಲ ಪುಸ್ತಕವಾಗಿ ಬಂದಿತ್ತು. ಸಿದ್ದಲಿಂಗಯ್ಯನ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದು ಪ್ರತಿ ಇತ್ತು. ನಮ್ಮ ಕಡೆಗೆಲ್ಲ ಅದೊಂದೇ ಪ್ರತಿ ಎಂದು ಸಿದ್ದಲಿಂಗಯ್ಯ ಅದನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟ.

"ನೀನು ಓದಾದ ಮೇಲೆ ನನಗೂ ಕೊಡು ಅಣ್ಣ" ಎಂದು ಜಯಾ ಕೇಳಿದಳು. ಅವಳು ಏನನ್ನಾದರೂ ಬೇಕೆಂದು ಕೇಳಿ ಎಷ್ಟು ವರ್ಷವಾಗಿತ್ತೋ ಸೇತುರಾಮನಿಗೆ ಜ್ಞಾಪಕವಿರಲಿಲ್ಲ.

ಅವನು ಕಛೇರಿಗೆ ಹೋಗಿಬರುವ ಬಸ್ಸಿನಲ್ಲಿ ಓದಿದ. ಹಳೆಯ ಸ್ನೇಹಿತರ ಮನೆಗೆ ಹೋದ ಹಾಗೆ ಪ್ರತಿ ಪುಟದಲ್ಲೂ ಗುರುತು ಹಿಡಿದು ತಲೆದೂಗಿದ. ನಾಲ್ಕನೆಯ ದಿನ ಸಂಜೆ ಬಸ್ಸು ಲಾಲ್‌ಬಾಗಿನ ಪಶ್ಚಿಮದ ಗೇಟು ದಾಟುವಾಗ ಕೊನೆಯ ಹಾಳೆ ಬಂತು. ಕರವಸ್ತ್ರ ಸಿದ್ಧವಾಗಿಟ್ಟುಕೊಂಡು ಪುಟ ತಿರುಗಿಸಿದ. ರೈಲು ಇರಲಿಲ್ಲ.

ಪ್ಲಾಟ್‌ಫಾರಂ ಇರಲಿಲ್ಲ. ಗಂಡನಂತೂ ಇರಲೇ ಇಲ್ಲ. ಮಂದಾಕಿನಿ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು, ಬೇರೆ ಊರಿನ ಶಾಲೆಯ ಕೆಲಸಕ್ಕೆ ಬಸ್ಸು ಹತ್ತಿಬಿಟ್ಟಳು.

ಸೇತುರಾಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದ. ಬೆಳಕಿಗೆ ಹಿಡಿದು ನೋಡಿದ. ಪಕ್ಕದಲ್ಲಿ ಕೂತಿದ್ದವರಿಗೆ ತೋರಿಸಿ, "ಇದು ಕೊನೇ ಪುಟಾನೇನಾ ಸಾರ್?" ಎಂದು ಕೇಳಿದ. "ಮುಕ್ತಾಯ ಅಂತ ಹಾಕಿದಾರಲ್ಲ ಸಾರ್" ಎಂದು ಅವರು ಸ್ವಲ್ಪ ಆಚೆ ಸರಿದು ಕೂತರು. ಜಯನಗರ ಬಂದು ಹೋಯಿತು. ಬನಶಂಕರಿಯಲ್ಲಿ ಕಂಡಕ್ಟರು ಭುಜ ತಟ್ಟಿ ಇಳಿಸಿದ.

ಮನೆಗೆ ಬಂದವನು ಬೂಟೂ ಬಿಚ್ಚದೆ ಕೆಂಪು ಬೈಂಡಿನ ಕೊನೆಯ ಹಾಳೆ ನೋಡಿದ. ಮೇಲುಗಡೆ, ತನ್ನ ಕತ್ತರಿಯೇ ಕಚ್ಚಿದ ಜಾಗದಲ್ಲಿ, ಶೀರ್ಷಿಕೆಯ ಅಕ್ಷರಗಳ ಕೆಳಭಾಗ ಮಾತ್ರ ಉಳಿದಿತ್ತು. ಯಾವ ಕಡೆಯಿಂದ ನೋಡಿದರೂ ಅದು 'ತೆರೆದಿಟ್ಟ ಕದ' ಆಗುತ್ತಿರಲಿಲ್ಲ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇನ್ನೊಂದು ಧಾರಾವಾಹಿಯೂ ಬರುತ್ತಿತ್ತು; ಜಯಾಳ ಕಟ್ಟಿನಲ್ಲಿ ಅದರ ಹಾಳೆಗಳೂ ಇದ್ದವು. ಎರಡಕ್ಕೂ ಒಬ್ಬರೇ ಚಿತ್ರಗಾರರು. ಅವರು ಬರೆದ ಹೆಂಗಸರಿಗೆಲ್ಲ ಒಂದೇ ತುರುಬು, ಒಂದೇ ಕಣ್ಣು, ಒಂದೇ ದುಃಖ. ಆ ಕಾಲದ ಕಾದಂಬರಿಕಾರರಿಗೋ ಕೊನೆಯ ಕಂತು ಬಂತೆಂದರೆ ಪಾತ್ರಗಳ ಹೆಸರು ಹೇಳಲು ಅದೇನೋ ನಾಚಿಕೆ. ಬರೀ ಅವನು, ಅವಳು. ಹೀಗಾಗಿ ಸೇತುರಾಮ ಪಡಸಾಲೆಯಲ್ಲಿ ಹರಡಿಕೊಂಡು ಜೋಡಿಸುವಾಗ ಯಾರದೋ ಗಂಡನನ್ನು ತಂದು ಮಂದಾಕಿನಿಗೆ ಕಟ್ಟಿದ್ದ. ಉಳಿದ ಹಾಳೆಗಳನ್ನು ಹಳೇ ಪೇಪರಿನವನಿಗೆ ಹಾಕಿದ್ದೂ ಅವನೇ.

ಜಯಾ ಹೇಳಿದ್ದು ಸರಿಯಾಗಿತ್ತು. ಅಡಿಗೆಮನೆಯಲ್ಲಿ ಅವಳು ಒಗ್ಗರಣೆ ಹಾಕುವ ಸದ್ದು ಕೇಳುತ್ತಿತ್ತು. ಸೇತುರಾಮನಿಗೆ ಅಲ್ಲೇ ಕುಸಿದು ಅತ್ತುಬಿಡೋಣ ಎನ್ನಿಸಿತು. ಸಿನಿಮಾ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ತುಮಕೂರು ಜ್ಞಾಪಕ ಬರುತ್ತದೆ. ಜ್ಞಾಪಕ ಬಂದರೆ ಈ ಅಣ್ಣನ ಮುಖವನ್ನು ಅವಳು ಹೇಗೆ ನೋಡುತ್ತಾಳೆ? ಹೋಗಿ ಕಾಲು ಹಿಡಿದು ತಪ್ಪಾಯಿತು ಎನ್ನುವುದು ಒಂದು ದಾರಿ. ಅದು ಸುಲಭದ ದಾರಿಯಾದ್ದರಿಂದ ಸೇತುರಾಮನಿಗೆ ಹೊಳೆಯಲಿಲ್ಲ. ಅವನು ಲೈಬ್ರರಿ ಪುಸ್ತಕದ ಕೊನೆಯ ಹಾಳೆಯನ್ನು ಹತ್ತು ಸಲ ಓದಿದ, ಆಮೇಲೆ ಹರಿದ, ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಹಾಕಿದ. ಜೀವಮಾನದಲ್ಲಿ ಒಂದು ಕಛೇರಿ ಪೆನ್ಸಿಲನ್ನೂ ಮನೆಗೆ ತಂದವನಲ್ಲ.

ಎರಡು ದಿನದ ಮೇಲೆ ಜಯಾ ಪುಸ್ತಕ ಹಿಡಿದುಕೊಂಡು ಬಂದಳು.

"ಅಣ್ಣ, ಇದರಲ್ಲಿ ಕೊನೇ ಹಾಳೆ ಇಲ್ಲ."

"ಇಲ್ವಾ? ಈಗಿನ ಬೈಂಡಿಂಗೇ ಹಾಗೆ ಜಯಾ. ನಮ್ಮ ಕಾಲದ ಥರ ಅಲ್ಲ."

"ನೀನು ಓದುವಾಗ ಇತ್ತಾ?"

"ನಾನು... ನನಗೆ ಬಾಯಿಪಾಠ ಅಲ್ವಾ, ಅಲ್ಲೀತನಕ ಓದ್ಲೇ ಇಲ್ಲ."

"ಹೋಗ್ಲಿ ಬಿಡು. ಸಿನಿಮಾದಲ್ಲಿ ನೋಡಿದ್ರೆ ಗೊತ್ತಾಗುತ್ತಲ್ಲ" ಎಂದಳು ಜಯಾ. ಅಲ್ಲಿಯವರೆಗೆ ಸಿನಿಮಾಕ್ಕೆ ಹೋದರೂ ಸರಿ ಹೋಗದಿದ್ದರೂ ಸರಿ ಎಂಬಂತಿದ್ದವಳು ಆ ಸಂಜೆಯೇ ರೇಷ್ಮೆ ಸೀರೆಯೊಂದನ್ನು ತೆಗೆದು ಇಸ್ತ್ರಿಗೆ ಕೊಟ್ಟಳು.

ಸೇತುರಾಮ ಗುಂಡಣ್ಣನ ಮನೆಗೆ ಓಡಿದ. ಈ ಸಲ ಓಡಿದವನು ಇವನು.

"ಗುಂಡಣ್ಣ, ಟಿಕೆಟ್ ವಾಪಸ್ ಮಾಡಿಬಿಡಪ್ಪ. ಗಂಡಸರು ಬೇಕಾದ್ರೆ ಹೋಗ್ಲಿ, ಹೆಣ್ಣುಮಕ್ಕಳನ್ನ ಕರ್ಕೊಂಡು ಹೋಗೋ ಸಿನಿಮಾ ಅಲ್ಲ ಅದು."

"ಯಾಕೋ? ಇಪ್ಪತ್ತು ವರ್ಷದಿಂದ ಹೆಣ್ಣುಮಕ್ಕಳು ಓದಲೇಬೇಕು ಅಂತ ಪ್ರಾಣ ತಿಂತಿದ್ಯಲ್ಲ!"

"ಕೊನೇದು ಸರಿಯಿಲ್ಲ."

"ಅಂದ್ರೆ?"

"ಅಂದ್ರೆ ಅಷ್ಟೇ. ಬಾಯಿ ಬಿಟ್ಟು ಹೇಳೋ ಹಾಗಿಲ್ಲ."

ಗುಂಡಣ್ಣನ ಕಣ್ಣು ದೊಡ್ಡದಾಯಿತು. ಬಾಯಿ ಬಿಟ್ಟು ಹೇಳುವ ಹಾಗಿಲ್ಲ ಎಂಬ ಮಾತನ್ನು ಅವನಿಗೆ ಹೇಳಬಾರದಾಗಿತ್ತು. ಅವನು ನೆಟ್ಟಗೆ ಸಿದ್ದಲಿಂಗಯ್ಯನ ಲೈಬ್ರರಿಗೆ ಹೋಗಿ, ಜಯಾ ಅಷ್ಟರಲ್ಲಿ ಹಿಂತಿರುಗಿಸಿದ್ದ ಪುಸ್ತಕ ತೆಗೆಸಿ ನೋಡಿದ. ಕೊನೆಯ ಹಾಳೆ ಹರಿದಿತ್ತು.

"ನೋಡಿದ್ರಾ!" ಎಂದ ಗುಂಡಣ್ಣ.

"ಎಂಥಾ ಜನ ಸಾರ್! ಬರೀ ಆ ಪುಟ ಕಿತ್ಕೊಂಡು ಹೋಗಿದಾರೆ" ಎಂದ ಸಿದ್ದಲಿಂಗಯ್ಯ, ನೋವಿನಿಂದ. "ಇಂಗ್ಲಿಷ್ ಪುಸ್ತಕದಲ್ಲಿ ಕೀಳ್ತಿದ್ರು. ಈಗ ಕನ್ನಡಕ್ಕೂ ಬಂತಾ ಕಾಲ!"

ಅಂದು ಸಂಜೆಯ ಹೊತ್ತಿಗೆ ಬಡಾವಣೆಗೆಲ್ಲ ವಿಷಯ ಗೊತ್ತಾಯಿತು. ಭಜನೆ ಮಂಡಳಿಯ ಅಧ್ಯಕ್ಷಿಣಿ ಸಿದ್ದಗಂಗಮ್ಮನವರು ಮಂಗಳಾರತಿಯನ್ನು ಅರ್ಧಕ್ಕೆ ನಿಲ್ಲಿಸಿ, ನಮ್ಮ ಸಂಸ್ಕೃತಿಗೆ ಬಂದ ಗತಿಯ ಬಗ್ಗೆ ಮಾತಾಡಿದರು. ಸಿನಿಮಾ ನಿಲ್ಲಿಸಬೇಕೆಂದು ಪೊಲೀಸರಿಗೆ ಒಂದು ಮನವಿಪತ್ರ ಸಿದ್ಧವಾಯಿತು. ಅರವತ್ತೊಂದು ಜನ ಸಹಿ ಹಾಕಿದರು. ಸಿನಿಮಾ ಇನ್ನೂ ಬಿಡುಗಡೆಯೇ ಆಗಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ. ಮಾಹಿತಿ ನೀಡಿದವರು ಎಂಬ ಕಡೆ ಗುಂಡಣ್ಣ ದೊಡ್ಡ ಅಕ್ಷರದಲ್ಲಿ ಸೇತುರಾಮನ ಹೆಸರು ಬರೆದ. ಸಹಿ ಹಾಕಿದ ಗಂಡಸರಲ್ಲಿ ಒಬ್ಬರೂ ತಮ್ಮ ಟಿಕೆಟ್ಟನ್ನು ವಾಪಸು ಮಾಡಲಿಲ್ಲ. ಕಣ್ಣಾರೆ ಕಂಡರೆ ತಾನೆ ಖಂಡಿಸಲು ಬರುವುದು ಎಂದರು. ಸಿದ್ದಗಂಗಮ್ಮನವರೂ ಯೋಚನೆ ಮಾಡಿ ಅದು ಸರಿ ಎಂದರು. ಅಂತೂ ನಲವತ್ತು ಸೀಟು ಸಾಲದೆ ಗುಂಡಣ್ಣ ಇನ್ನು ಇಪ್ಪತ್ತೈದು ಬುಕ್ ಮಾಡಿಸಿದ.

"ಏನೂಂದ್ರೆ, ನೀವು ಬೇಡ ಅಂದ್ಮೇಲೆ ಆ ಸಿನಿಮಾಕ್ಕೆ ಇಷ್ಟು ಜನ!" ಎಂದಳು ಸರಸ್ವತಿ. "ಇಪ್ಪತ್ತು ವರ್ಷ ಚೆನ್ನಾಗಿದೆ ಅಂದಾಗ ಒಬ್ಬರೂ ಓದ್ಲಿಲ್ಲ."

ಬಿಡುಗಡೆಗೆ ಎರಡು ದಿನ ಮುಂಚೆ ಸಬ್ ಇನ್‌ಸ್ಪೆಕ್ಟರ್ ಬೈಲಪ್ಪನವರೇ ಮನವಿಪತ್ರ ಹಿಡಿದುಕೊಂಡು ಮನೆಗೆ ಬಂದರು. ಸೇತುರಾಮ ಲುಂಗಿಯಲ್ಲೇ ಎದ್ದು ನಿಂತ.

"ಕೂತ್ಕೊಳ್ಳಿ ಸಾರ್, ಗಾಬರಿ ಬೇಡ. ಕೊನೇ ಸೀನಲ್ಲಿ ಏನೈತೆ, ಅದನ್ನ ಸ್ವಲ್ಪ ಬಿಡಿಸಿ ಹೇಳಿಬಿಡಿ. ಬರ್ಕೊಂಡು ಹೋಯ್ತೀನಿ."

ಸೇತುರಾಮ ಬಾಯಿ ತೆರೆದ. ಜಯಾ ನೀರು ತಂದಿಟ್ಟಳು. ಸೇತುರಾಮ ಬಾಯಿ ಮುಚ್ಚಿದ. ಅವಳು ಒಳಗೆ ಹೋದ ಮೇಲೆ ಮತ್ತೆ ತೆರೆದ. ಜಯಾ ಕೋಡುಬಳೆ ತಂದಳು. ಆಮೇಲೆ ಕಾಫಿ ತಂದವಳು ಹೋಗದೆ ಅಲ್ಲೇ ಬಾಗಿಲ ಹತ್ತಿರ ನಿಂತಳು.

"ಹೆಂಗಸರ ಮುಂದೆ ಹೇಳೋ ಹಾಗಿಲ್ಲ ಸಾರ್" ಎಂದು ಸೇತುರಾಮ ಪಿಸುಗುಟ್ಟಿದ. ಬೈಲಪ್ಪನವರು ಗೌರವದಿಂದ ತಲೆಯಾಡಿಸಿ ಅವನನ್ನು ಗೇಟಿನ ಆಚೆ ಕರೆದುಕೊಂಡು ಹೋಗಿ ನೋಟುಪುಸ್ತಕ ಬಿಚ್ಚಿದರು.

"ಹೂಂ, ಈಗ ಹೇಳಿ."

"ಅವಳು ಮನೆಗೆ ಬೀಗ ಹಾಕಿ ಬಸ್ ಹತ್ತಿ ಹೋಗಿಬಿಡ್ತಾಳೆ ಸಾರ್."

"ಯಾರ ಜೊತೆ?"

"ಯಾರ ಜೊತೆಗೂ ಇಲ್ಲ. ಒಬ್ಬಳೇ."

"ಬಟ್ಟೆ?"

"ಟ್ರಂಕಲ್ಲಿ."

"ಮೈಮೇಲೆ ಸಾರ್, ಮೈಮೇಲೆ!"

"ಸೀರೆ. ಹತ್ತಿ ಸೀರೆ."

ಬೈಲಪ್ಪನವರು ಪೆನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದರು. "ಬಸ್ಸಲ್ಲಿ ಏನಾದ್ರೂ ಆಯ್ತದಾ?"

"ಏನೂ ಆಗಲ್ಲ. ಕೂತ್ಕೋತಾಳೆ."

"ಹಂಗಾದ್ರೆ ತೊಂದರೆ ಏನು ಸಾರ್?"

ಸೇತುರಾಮನ ಕಣ್ಣಲ್ಲಿ ನೀರು ಬಂತು. "ಅದು ನನ್ನ ತಂಗಿಗೆ ಗೊತ್ತಾಗಬಾರದು ಸಾರ್" ಎಂದ. ಬೈಲಪ್ಪನವರು ಅನುಭವಸ್ಥರು, ಹೀಗೆ ಅಳುವ ಸಾಕ್ಷಿಗಳನ್ನು ಬೇಕಾದಷ್ಟು ನೋಡಿದ್ದರು. ಮಾಹಿತಿದಾರರು ಮರ್ಯಾದಸ್ಥರಾದ್ದರಿಂದ ಪೂರ್ತಿ ವಿವರ ಹೇಳಲು ನಾಚುತ್ತಿದ್ದಾರೆ, ವಿಷಯ ಗಂಭೀರವಾಗಿರುವಂತೆ ತೋರುತ್ತದೆ ಎಂದು ಬರೆದುಕೊಂಡು, ಮ್ಯಾಟಿನಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಹಾಕುವುದಾಗಿ ಧೈರ್ಯ ಹೇಳಿ ಹೋದರು.

ರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಏರಿತು. ಭಾಷಣ ರದ್ದಾಗಿತ್ತು. ಸೇತುರಾಮ ಹೊಟ್ಟೆನೋವೆಂದು ಮಲಗಿ ತಂಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳಲು ನೋಡಿದ. ಜಯಾ ಜೀರಿಗೆ ಕಷಾಯ ಮಾಡಿ ತಲೆದೆಸೆಯಲ್ಲಿಟ್ಟಳು.

"ನೀನು ಮಲಗಿರು ಅಣ್ಣ, ನಾನು ಅತ್ತಿಗೆ ಜೊತೆ ಹೋಗಿಬರ್ತೀನಿ."

"ಪೋಲಿ ಸಿನಿಮಾ ಅಂತ ಎಲ್ಲರೂ ಹೇಳ್ತಿದಾರೆ, ನೀನು..."

"ನನಗೆ ಕೊನೇದು ನೋಡ್ಬೇಕು" ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸುವವಳಲ್ಲ. ಸೇತುರಾಮ ಎದ್ದು ಕಷಾಯ ಕುಡಿದು ಪ್ಯಾಂಟು ಹಾಕಿಕೊಂಡ.

ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ರಿಗುಪ್ಪೆಯಿಂದ, ಮಡಿವಾಳದಿಂದ ಕೂಡ ಜನ ಬಂದಿದ್ದರು. ಭಜನೆ ಮಂಡಳಿ ಎರಡು ಸಾಲು ತುಂಬ ಕೂತಿತ್ತು. ಸಿನಿಮಾ ನಿಧಾನವಾಗಿ, ಒಳ್ಳೆಯ ಸಂಸಾರಸ್ಥ ಸಿನಿಮಾದ ಹಾಗೆ ನಡೆಯಿತು. ಕೊನೆಯ ಅರ್ಧ ಗಂಟೆಯಲ್ಲಿ ಯಾರೂ ಕೆಮ್ಮಲಿಲ್ಲ. ಕಾನ್‌ಸ್ಟೇಬಲ್‌ಗಳು ಟಾರ್ಚು ಹಿಡಿದು ಸ್ಕ್ರೀನಿನ ಪಕ್ಕಕ್ಕೆ ಬಂದು ನಿಂತರು. ಸೇತುರಾಮ ಕಣ್ಣು ಮುಚ್ಚಿಕೊಂಡ.

ಕಿವಿಗೆ ರೈಲಿನ ಕೂಗು ಬಿತ್ತು.

ಕಣ್ಣು ಬಿಟ್ಟು ನೋಡಿದರೆ ಪ್ಲಾಟ್‌ಫಾರಂ! ಗಂಡ ಇಳಿದ. ಮಂದಾಕಿನಿ ಓಡಿ ಬಂದಳು. ಗಂಡ ಬರದ ಸಿನಿಮಾಕ್ಕೆ ಜನ ಬರುವುದಿಲ್ಲವೆಂದು ಸಿನಿಮಾದವರು ಲೆಕ್ಕ ಹಾಕಿದ್ದಿರಬೇಕು. ಇಬ್ಬರೂ ಕೂಡಿ ಒಂದು ಹಾಡನ್ನೂ ಹೇಳಿದರು. 'ಶುಭಂ' ಎಂದು ಬಂತು. ದೀಪ ಹತ್ತಿತು. ಅರವತ್ತೊಂದು ಸಹಿಗಳೂ ಮುಖ ಮುಖ ನೋಡಿಕೊಂಡವು.

"ಇಷ್ಟೇನಾ?" ಎಂದರು ಸಿದ್ದಗಂಗಮ್ಮನವರು, ಮೋಸ ಹೋದವರ ದನಿಯಲ್ಲಿ.

"ಕಟ್ ಮಾಡ್ಬುಟ್ಟವ್ರೆ ಅಮ್ಮ" ಎಂದರು ಮಫ್ತಿಯಲ್ಲಿ ಬಂದಿದ್ದ ಬೈಲಪ್ಪನವರು. "ನಿಮ್ಮ ಅರ್ಜಿ ಕೆಲಸ ಮಾಡೈತೆ!"

ಗುಂಡಣ್ಣ ಸೀಟುಗಳ ಮೇಲೆ ಹಾರಿ ಬಂದು ಸೇತುರಾಮನನ್ನು ತಬ್ಬಿಕೊಂಡ. "ಸಂಸ್ಕೃತಿ ಉಳಿಸಿದೆ ಕಣಯ್ಯ! ಆಮೇಲೆ ನೀನು ಹೇಳ್ತಿದ್ದ ರೈಲು, ಪ್ಲಾಟ್‌ಫಾರಂ, ಚಾಚೂ ತಪ್ಪಿಲ್ಲ! ಇಪ್ಪತ್ತು ವರ್ಷ ನಿನ್ನ ಮಾತು ಕೇಳದ ನಾವೇ ಮುಠ್ಠಾಳರು!" ಯಾರೋ ಚಪ್ಪಾಳೆ ತಟ್ಟಿದರು. ಬದುಕಿನಲ್ಲಿ ಮೊದಲನೆಯ ಸಲ ಸೇತುರಾಮನಿಗೆ ಇಷ್ಟು ಜನ ಒಟ್ಟಿಗೆ ಗೌರವ ಕೊಟ್ಟದ್ದು. ಅವನು ಜಯಾಳನ್ನು ಹುಡುಕಿದ. ಅವಳು ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದಳು.

ಸರಸ್ವತಿ ಭಜನೆ ಮಂಡಳಿಯ ಜೊತೆ ಮುಂದೆ ಹೋದಳು. ಅಣ್ಣ ತಂಗಿ ಇಬ್ಬರೇ ಹಿಂದೆ ನಡೆದರು. ಸಂಜೆಯಾಗಿತ್ತು, ಶಾಪಿಂಗ್ ಕಾಂಪ್ಲೆಕ್ಸಿನ ಮುಂದೆ ಕೆಂಪು ಹಳದಿ ಕಾಗದದ ತೋರಣ ಗಾಳಿಗೆ ಸದ್ದು ಮಾಡುತ್ತಿತ್ತು. ಸುಮಾರು ದೂರ ಬಂದ ಮೇಲೆ ಜಯಾ ಹೇಳಿದಳು:

"ನಿಂದೇ ಸರಿ ಅಣ್ಣ. ಬಂದುಬಿಟ್ಟ ನೋಡು. ನಾನೇ ಯಾವುದೋ ಬೇರೆ ಕಥೇದು ತಂದು ಇದಕ್ಕೆ ಅಂಟಿಸ್ಕೊಂಡಿದ್ದೆ. ಇಷ್ಟು ವರ್ಷ ಒಂದು ಅನುಮಾನ ಇತ್ತು. ಹೋಯ್ತು."

ಸೇತುರಾಮ ಇಲ್ಲಿ ಸುಮ್ಮನಿದ್ದುಬಿಡಬಹುದಾಗಿತ್ತು. ಪುಸ್ತಕದ ಹಾಳೆ ಒಲೆಯಲ್ಲಿ ಬೂದಿಯಾಗಿತ್ತು, ಸಿನಿಮಾ ಅವನ ಪರವಾಗಿ ಸಾಕ್ಷಿ ಹೇಳಿತ್ತು, ಪೊಲೀಸು ಇಲಾಖೆಯೂ ಅವನ ಕಡೆಗಿತ್ತು. ಆದರೆ ಜಯಾಳ ಮುಖದಲ್ಲಿ ಕೋಪವಾಗಲಿ ದುಃಖವಾಗಲಿ ಇರಲಿಲ್ಲ. ಹೇಳಿದ ಮಾತು ಕೇಳುವ ಮಗುವಿನ ಹಾಗಿದ್ದಳು, ನಲವತ್ತೈದು ವರ್ಷದ ಹೆಂಗಸು. ಅದನ್ನು ಅವನಿಂದ ನೋಡಲಾಗಲಿಲ್ಲ.

"ಇಲ್ಲ ಜಯಾ. ನೀನು ಹೇಳಿದ್ದೇ ಸರಿ. ಅವನು ಬರಲ್ಲ. ಅವಳು ಬೀಗ ಹಾಕಿ ಕೆಲಸಕ್ಕೆ ಹೋಗ್ತಾಳೆ. ಬೈಂಡ್ ಮಾಡ್ಸೋವಾಗ ಬೇರೆ ಧಾರಾವಾಹೀದು ಕೊನೇ ಹಾಳೆ ಸೇರಿಸಿಬಿಟ್ಟೆ ನಾನು. ಲೈಬ್ರರಿ ಪುಸ್ತಕದಲ್ಲಿ ನಿಜವಾದ್ದು ಇತ್ತು, ನೀನು ನೋಡ್ತೀಯ ಅಂತ ಹರಿದು ಒಲೆಗೆ ಹಾಕಿದೆ."

ಜಯಾ ಸಣ್ಣಗೆ ನಕ್ಕಳು. "ಬಿಡಣ್ಣ. ನನಗೆ ಬೇಜಾರಾಯ್ತು ಅಂತ ಹೀಗೆಲ್ಲ ಹೇಳ್ತೀಯ. ಈಗ ತಾನೆ ಕಣ್ಣಾರೆ ನೋಡಿದ್ನಲ್ಲ."

ಹದಿನೇಳು ವರ್ಷ ಅವನು ಹೇಳಿದ ಸುಳ್ಳನ್ನು ನಂಬಿದವಳು ಅವನು ಹೇಳಿದ ಒಂದೇ ಒಂದು ನಿಜವನ್ನು ನಂಬಲು ಸಿದ್ಧಳಿರಲಿಲ್ಲ. ಸೇತುರಾಮ ನಡುರಸ್ತೆಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಬಂದ ಆಟೋದವನು ಬೈದು ಹೋದ. ಸೇತುರಾಮ ಕಣ್ಣು ಮುಚ್ಚಿ, ಒಲೆಗೆ ಹಾಕುವ ಮುಂಚೆ ಹತ್ತು ಸಲ ಓದಿದ್ದ ಆ ಪುಟವನ್ನು ಹೇಳತೊಡಗಿದ.

"'ಅವಳು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದಳು. ಬಾವಿಯ ಹಗ್ಗವನ್ನು ಸುತ್ತಿ ಒಳಗಿಟ್ಟಳು. ಹನ್ನೊಂದು ವರ್ಷ ಒಂದು ದಿನವೂ ಹಾಕದಿದ್ದ ಮುಂಬಾಗಿಲ ಕದವನ್ನು ಎಳೆದುಕೊಂಡಳು. ಅದು ಬರಲಿಲ್ಲ. ಅವಳು...' ಅವಳು..."

ಅಲ್ಲಿ ಅವನಿಗೆ ಮರೆತುಹೋಯಿತು. ಕೈ ಆಡಿಸಿದ. ಮುಂದಿನ ಸಾಲು ಬರಲೇ ಇಲ್ಲ.

"'ಅವಳು ಟ್ರಂಕನ್ನು ಕೆಳಗಿಟ್ಟು ಎರಡು ಕೈಯಿಂದ ಎಳೆದಳು'" ಎಂದಳು ಜಯಾ. ಎದುರಿಗೆ ಯಾರೋ ಬರೆದು ಹಿಡಿದಿದ್ದಾರೇನೋ ಎಂಬಂತೆ, ಒಂದೊಂದೇ ಮಾತು. "'ಬೀಗ ಹಾಕಿ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಅಳು ಬರಬಹುದೆಂದು ಕಾದಳು. ಬರಲಿಲ್ಲ. ಹಸಿವಾಯಿತು.'"

ಇಪ್ಪತ್ತೊಂದು ವರ್ಷದ ಹಿಂದೆ ಒಂದು ಗುರುವಾರ ಓದಿದ್ದು ಒಂದಕ್ಷರ ಬಿಡದೆ ಇನ್ನೂ ಅವಳ ಹತ್ತಿರ ಇತ್ತು.

"ಹಾಗಾದ್ರೆ ನಾನು ತುಮಕೂರಿಗೆ ಹೋಗಬಹುದಿತ್ತು" ಎಂದಳು.

ಅವಳು ಉತ್ತರಕ್ಕೆ ಕಾಯುತ್ತ ಅಣ್ಣನ ಮುಖವನ್ನೇ ನೋಡಿದಳು. ಎಲ್ಲ ಪ್ರಶ್ನೆಗೂ ಆ ಕಾದಂಬರಿಯಿಂದಲೇ ಉತ್ತರ ಹೇಳುತ್ತಿದ್ದ ಸೇತುರಾಮ ಈ ಸಲ ಬರೀ ಹೌದು ಎಂದ.